ಬಾಯಿ ಕಟ್ಟಿದ ಕಚೇರಿಯಲ್ಲಿ ಕಾಯಕ ಉಳಿದೀತೆ?

ಮಹಾನವಮಿಯ ದಿನ ಮೈಸೂರಿನ ಹೆಬ್ಬಾಳು, ಮೇಟಗಳ್ಳಿ, ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಬಿಡುವು. ಎಣ್ಣೆ, ಕೊಳೆ ಒರೆಸಿ ಇಟ್ಟ ಲೇಥ್‌ಗೆ ವಿಭೂತಿ, ಅರಿಶಿನ, ಕುಂಕುಮ ಹಚ್ಚುತ್ತಾರೆ. ಕಚೇರಿಯ ಕಂಪ್ಯೂಟರಿಗೆ ಸೇವಂತಿಗೆ ಏರಿಸುತ್ತಾರೆ. ಬಾಗಿಲಲ್ಲಿ ಬೂದುಗುಂಬಳ ಒಡೆದು ಕಡ್ಲೆಪುರಿ, ಸಿಹಿ ಹಂಚುತ್ತಾರೆ. ಅರಮನೆಯಲ್ಲಿ ರಾಜಮನೆತನದ ಆಯುಧಗಳಿಗೆ ಪೂಜೆ ನಡೆಯುವ ದಿನವೇ ಗ್ಯಾರೇಜಿನ ಹುಡುಗ ತನ್ನ ಸ್ಪ್ಯಾನರಿಗೂ, ಬಸ್ ಚಾಲಕ ತನ್ನ ಬಸ್ಸಿಗೂ ಕೈಮುಗಿಯುತ್ತಾರೆ. ದುಡಿಮೆಯಲ್ಲಿ ದೈವವಿದೆ ಎಂಬ ನಂಬಿಕೆಯನ್ನು ಇಷ್ಟು ಸಹಜವಾಗಿ ಬಾಳುವ ಊರುಗಳು ಹೆಚ್ಚಿಲ್ಲ.

ಆ ನಂಬಿಕೆಯ ಒಳಗೇ ಒಂದು ಕಠಿಣ ಪ್ರಶ್ನೆಯೂ ಇದೆ. ಕೆಲಸವೇ ಪೂಜೆಯಾದರೆ, ಕೆಲಸದ ಹೆಸರಿನಲ್ಲಿ ಮನುಷ್ಯನಿಗೆ ಮಾಡುವ ಅವಮಾನಕ್ಕೂ ಪೂಜೆಯ ರಕ್ಷಣೆ ಸಿಗಬೇಕೆ? ಮೀಟಿಂಗಿನಲ್ಲಿ ಎಲ್ಲರೆದುರು ಕಿರಿಯನನ್ನು ಹೀಯಾಳಿಸುವ ಮೇಲಧಿಕಾರಿ, ರಾತ್ರಿ ಹನ್ನೊಂದಕ್ಕೆ ಮೆಸೇಜು ಕಳಿಸಿ ಐದು ನಿಮಿಷದಲ್ಲಿ ಉತ್ತರ ಕೇಳುವ ಮ್ಯಾನೇಜರು, ರಜೆ ಕೇಳಿದ್ದನ್ನೇ ಅಪರಾಧವೆಂದು ಅಪ್ರೈಸಲ್‌ನಲ್ಲಿ ದಾಖಲಿಸುವ ಇಲಾಖೆ, ತಪ್ಪು ತೋರಿಸಿದವನನ್ನು ಮೂಲೆಗೆ ತಳ್ಳುವ ಗುಂಪು: ಇವು ಒಂದೆರಡು ದಿನದ ಸಿಡುಕಾಗಿದ್ದರೆ ಸಹಿಸಬಹುದು. ಅವೇ ಸಂಸ್ಥೆಯ ರೀತಿ ರಿವಾಜಾದಾಗ ಕೆಲಸದ ವಾತಾವರಣಕ್ಕೆ ವಿಷ ಬೆರೆಯುತ್ತದೆ. ಆ ವಿಷ ನೌಕರನ ನಿದ್ದೆ, ರಕ್ತದೊತ್ತಡ, ಮನೆಯ ನೆಮ್ಮದಿಗಳನ್ನು ಕೆಡಿಸುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಸಂಸ್ಥೆಯನ್ನು ಏನು ಮಾಡುತ್ತದೆ ಎಂಬುದರ ಕಡೆಗೆ ಅಷ್ಟು ಗಮನ ಹರಿದಿಲ್ಲ. ಇದನ್ನು ಆಡಳಿತ ಶಾಸ್ತ್ರದ ಪ್ರಶ್ನೆಯೆಂದು ಬಗೆಯುವುದೇ ರೂಢಿ. ಆದರೆ ದುಡಿಮೆಗೆ ದೈವತ್ವ ಕೊಟ್ಟ ನಾಡಿನಲ್ಲಿ ಇದು ಮೊದಲು ಧರ್ಮದ ಪ್ರಶ್ನೆ.

ಮೈಸೂರು ಈ ಪ್ರಶ್ನೆಯನ್ನು ಈಚೆಗೆ ಹತ್ತಿರದಿಂದ ಕಂಡಿತು. 2025ರ ಫೆಬ್ರವರಿ 7ರಂದು ಹೆಬ್ಬಾಳಿನ ಇನ್ಫೋಸಿಸ್ ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಮನೆಗೆ ಕಳಿಸಲಾಯಿತು. ಒಮ್ಮೆಗೆ ಸುಮಾರು 14,000 ಮಂದಿಗೆ ತರಬೇತಿ ಕೊಡಬಲ್ಲ, ದೇಶದ ನಾನಾ ಮೂಲೆಗಳ ಎಂಜಿನಿಯರಿಂಗ್ ಪದವೀಧರರು ಮೊದಲ ನೌಕರಿಯ ಸಡಗರದಲ್ಲಿ ಬಂದಿಳಿಯುವ ಜಾಗವದು. ಹೊರಬಿದ್ದವರಲ್ಲಿ ಅನೇಕರು 2022ರಲ್ಲಿ ಆಫರ್ ಲೆಟರ್ ಪಡೆದು, ಸುಮಾರು ಎರಡು ವರ್ಷ ಕಾದು, 2024ರ ಕೊನೆಯ ತಿಂಗಳುಗಳಲ್ಲಿ ಸೇರಿದ್ದವರು. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ಅವರು ತೇರ್ಗಡೆಯಾಗಲಿಲ್ಲ, ಈ ಪದ್ಧತಿ ಎರಡು ದಶಕಗಳಿಂದ ನಡೆದುಬಂದಿದೆ, ಕರಾರಿನಲ್ಲೇ ಅದನ್ನು ಬರೆದಿದೆ ಎಂದು ಕಂಪನಿ ಹೇಳಿತು. ಪುಣೆಯ ಐಟಿ ನೌಕರರ ಸಂಘಟನೆ ‘ನೈಟ್ಸ್’ ಬೇರೆಯೇ ಚಿತ್ರ ಕೊಟ್ಟಿತು: ಸಂಖ್ಯೆ 700ರ ಆಸುಪಾಸು, ಬೌನ್ಸರ್‌ಗಳನ್ನು ನಿಲ್ಲಿಸಿ ಹೆದರಿಸಲಾಯಿತು, ಅದೇ ಸಂಜೆ ಕ್ಯಾಂಪಸ್ ಬಿಡಲು ಹೇಳಲಾಯಿತು. ಬೆದರಿಕೆಯ ಆರೋಪವನ್ನು ಕಂಪನಿ ಅಲ್ಲಗಳೆಯಿತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು, ರಾಜ್ಯದ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಕ್ಯಾಂಪಸ್ಸಿಗೆ ಹೋಗಿ ಬಂದರು. ಇವರು ತರಬೇತಿಯಲ್ಲಿದ್ದವರು, ಕಾಯಂ ನೌಕರರಲ್ಲ, ಹಾಗಾಗಿ ಕಾರ್ಮಿಕ ಕಾನೂನಿನ ಉಲ್ಲಂಘನೆಯಾಗಿಲ್ಲ ಎಂಬಲ್ಲಿಗೆ ವಿಚಾರಣೆ ಬಂದು ನಿಂತಿತು. ಮುಂದಿನ ತಿಂಗಳುಗಳಲ್ಲಿ ಇನ್ನೂ ಕೆಲವು ತಂಡಗಳು ಹೊರಬಿದ್ದವು. ಅವರಿಗೆ ಒಂದು ತಿಂಗಳ ಪರಿಹಾರಧನ, ಬೇರೆಡೆ ಕೆಲಸ ಹುಡುಕಲು ನೆರವು, ಉಚಿತ ಕೋರ್ಸುಗಳನ್ನು ಕಂಪನಿ ಕೊಟ್ಟಿತು.

ಕಾನೂನಿನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಪರೀಕ್ಷೆಯಲ್ಲಿ ನಪಾಸಾದವರನ್ನು ಸಂಸ್ಥೆ ಉಳಿಸಿಕೊಳ್ಳಲೇಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಆದರೆ ಎರಡು ವರ್ಷ ಕಾಯಿಸಿ ಕರೆಸಿಕೊಂಡವನ ಕಡೆಗೆ ಕರೆಸಿಕೊಂಡವರಿಗೆ ಇರುವ ಋಣವೇನು? ಹೊರಗೆ ಕಳಿಸುವ ಹೊತ್ತಿನಲ್ಲಿ ಅವನ ಮಾತನ್ನು ಕೇಳುವವರು ಯಾರು? ಕಂಪನಿ ಹೇಳಿದ್ದು ನಿಜವೋ ಸಂಘಟನೆ ಹೇಳಿದ್ದು ನಿಜವೋ ಎಂಬುದನ್ನು ಬದಿಗಿಟ್ಟರೂ ಈ ಎರಡು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಕರಾರು ಓದಿ ಇವುಗಳಿಗೆ ಉತ್ತರ ಹೇಳಲಾಗದು.

ಇದಕ್ಕೂ ಮುಂಚಿನಿಂದಲೇ ದುಡಿಮೆಯ ಗಂಟೆಗಳ ಚರ್ಚೆಯೂ ಇತ್ತು. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಓದಿದವರು. ದೇಶ ಮುಂದುವರಿಯಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಅವರು 2023ರ ಅಕ್ಟೋಬರಿನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90 ಗಂಟೆಗೆ ಏರಿಸಿದರು. ನಡುವೆ, 2024ರ ಜುಲೈನಲ್ಲಿ, ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಕರ್ನಾಟಕ ಸರ್ಕಾರದ ಮುಂದೆ ಬಂದು, ನೌಕರರ ಸಂಘಟನೆಗಳು ಅದನ್ನು ವಿರೋಧಿಸಿ ಬೀದಿಗಿಳಿದವು. ಇಂಥ ಚರ್ಚೆ ಎದ್ದಾಗಲೆಲ್ಲ ಕಾಯಕ ಎಂಬ ಮಾತು ತೇಲಿ ಬರುತ್ತದೆ. ದುಡಿಮೆಯನ್ನು ಕೈಲಾಸಕ್ಕೆ ಸಮಗಟ್ಟಿದ ನಾಡಿನವರು ಗಂಟೆ ಲೆಕ್ಕ ಹಾಕಬಹುದೇ ಎಂದು ಕೇಳುವವರಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಆ ಲೆಕ್ಕ ಹಾಕಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಗೆ ಕೊಂಡಿಯಿರುವ ಸಾವುಗಳು ಸುಮಾರು 7,45,000.

ಕಾಯಕ ತತ್ವ ಇಂಥ ಮಿತಿಯಿಲ್ಲದ ದುಡಿಮೆಯನ್ನು ಒಪ್ಪುತ್ತದೆಯೇ? ಉತ್ತರಕ್ಕೆ ಬಸವಣ್ಣನವರ ಕಲ್ಯಾಣಕ್ಕೆ ಹೋಗಬೇಕು.

ಬಸವಣ್ಣನವರ ಬಗ್ಗೆ ಹೇಳುವಾಗ ಸುಲಭವಾಗಿ ಮರೆತುಹೋಗುವ ಸಂಗತಿಯೊಂದಿದೆ: ಅವರು ನೌಕರಿಯಲ್ಲಿದ್ದವರು. ಕಳಚುರಿ ದೊರೆ ಬಿಜ್ಜಳನ ಭಂಡಾರಿ, ಎಂದರೆ ಬೊಕ್ಕಸದ ಹೊಣೆ ಹೊತ್ತ ಅಧಿಕಾರಿ. ಮೇಲೆ ದೊರೆ, ಅಕ್ಕಪಕ್ಕ ಅಸೂಯೆಯ ಸಹೋದ್ಯೋಗಿಗಳು, ಕಿವಿಯೂದುವ ಆಸ್ಥಾನ, ಎಲ್ಲವನ್ನೂ ಅವರು ಬಲ್ಲವರು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯವರು ದೊರೆಗೆ ದೂರು ಹೇಳಿದ್ದನ್ನೂ, ಎಣಿಸಿ ನೋಡಿದಾಗ ಲೆಕ್ಕ ಸರಿಯಿದ್ದದ್ದನ್ನೂ ಅವರ ಚರಿತೆ ಹೇಳುವ ಕಾವ್ಯಗಳು ವರ್ಣಿಸುತ್ತವೆ. ಕೊನೆಗೆ ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಪ್ರಕರಣದಲ್ಲಿ ಆ ಶರಣರಿಗೆ ಅರಸೊತ್ತಿಗೆ ಘೋರ ಶಿಕ್ಷೆ ಕೊಟ್ಟಿತು. ಬಸವಣ್ಣ ಅಧಿಕಾರ ತೊರೆದು ಕೂಡಲಸಂಗಮಕ್ಕೆ ಹೊರಟುಹೋದರು. ದುಡಿಮೆಗೆ ದೈವತ್ವ ಕೊಟ್ಟ ಚಳವಳಿಯ ನಾಯಕ, ಧರ್ಮ ಸತ್ತ ಹುದ್ದೆಯನ್ನು ಬಿಟ್ಟು ಬಂದವರೂ ಹೌದು.

ಶರಣರ ಕಾಯಕಕ್ಕೆ ಷರತ್ತುಗಳಿದ್ದವು. ಅದು ತಾನೇ ಒಪ್ಪಿಕೊಂಡ ದುಡಿಮೆಯಾಗಿರಬೇಕು. ಸತ್ಯಶುದ್ಧವಾಗಿರಬೇಕು. ಅದರ ಫಲ ಒಬ್ಬನ ಕಣಜ ಸೇರದೆ ದಾಸೋಹವಾಗಿ ಹರಿಯಬೇಕು. ಕಾಯಕಗಳಲ್ಲಿ ಮೇಲು ಕೀಳು ಇರಕೂಡದು. ಇವಿಷ್ಟರ ಜೊತೆಗೆ, ಯಾರೂ ಯಾರನ್ನೂ ಪ್ರಶ್ನಿಸಬಹುದಾದ ಅನುಭವ ಮಂಟಪವಿತ್ತು. ಈ ಐದನ್ನೂ ಕಳಚಿಟ್ಟು, ‘ದುಡಿ’ ಎಂಬುದೊಂದನ್ನೇ ಎತ್ತಿಕೊಂಡು ಕಚೇರಿಯ ಗೋಡೆಗೆ ತೂಗುಹಾಕಿದರೆ ಅದು ಶರಣರ ತತ್ವವಾಗಿ ಉಳಿಯುವುದಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಇಲ್ಲಿ ದೊಡ್ಡ ಸಾಕ್ಷಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಬೇಕಾದಷ್ಟಕ್ಕಿಂತ ಹೆಚ್ಚಿನದು ಆಸೆಯ ಅಕ್ಕಿ, ಹೋಗಿ ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಅದೇ ಲಕ್ಕಮ್ಮ, ಅನುಭಾವದ ಮಾತಿನಲ್ಲಿ ಮೈಮರೆತು ಕೂತ ಗಂಡನಿಗೆ ಕಾಯಕದ ಹೊತ್ತಾಯಿತೆಂದು ಎಚ್ಚರಿಸಿದವಳು. ಕಡಿಮೆ ದುಡಿದಾಗ ಎಚ್ಚರಿಸಿದ್ದಾಳೆ, ಮಿತಿ ಮೀರಿ ತಂದಾಗಲೂ ಎಚ್ಚರಿಸಿದ್ದಾಳೆ. ಹೆಚ್ಚು ಎಂಬುದೇ ಒಳ್ಳೆಯದು ಎಂಬ ಲೆಕ್ಕ ಅವಳಲ್ಲಿ ಇಲ್ಲ. ಅವಳ ಆ ಮಾತಿಗಾಗಿ ಯಾರೂ ಅವಳನ್ನು ಹೊರಗಿಡಲಿಲ್ಲ. ಅವಳ ನುಡಿಗಳನ್ನು ಎಂಟು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ.

ನುಲಿಯ ಚಂದಯ್ಯನ ಕಥೆ ಇನ್ನೂ ಮುಂದೆ ಹೋಗುತ್ತದೆ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ನೀರಿಗೆ ಬಿತ್ತು. ಅವನು ಕಾಯಕ ನಿಲ್ಲಿಸಲಿಲ್ಲ. ಲಿಂಗವೇ ಹಿಂದೆ ಬಂದಾಗ ಅದಕ್ಕೂ ಹಗ್ಗ ಮಾರುವ ಕೆಲಸ ಹಚ್ಚಿದ ಎಂದು ಕಥೆ ಹೇಳುತ್ತದೆ. ಇದನ್ನು ಕೇಳಿ ಕೆಲಸ ದೇವರಿಗಿಂತ ದೊಡ್ಡದು ಎಂದುಕೊಳ್ಳುವುದುಂಟು. ಕಥೆಯ ಬಿರುಸು ಬೇರೆಡೆಗಿದೆ: ಕಾಯಕದ ಮುಂದೆ ದೇವರಿಗೂ ವಿನಾಯಿತಿಯಿಲ್ಲ. ಹಾಗಿದ್ದ ಮೇಲೆ ಮಾಲೀಕನಿಗೆ, ಮ್ಯಾನೇಜರಿಗೆ, ಸಾಹೇಬರಿಗೆ ವಿನಾಯಿತಿ ಎಲ್ಲಿಂದ ಬರಬೇಕು? ಕೆಳಗಿನವನ ಮೇಲೆ ಹೇರುವ ನಿಯಮ ಮೇಲಿನವನನ್ನೂ ಕಟ್ಟಬೇಕು.

ಸಂಸ್ಥೆಯನ್ನು ವಿಷ ಹೇಗೆ ಕೊಲ್ಲುತ್ತದೆ ಎಂಬುದಕ್ಕೂ ಯಾರೂ ಯಾರನ್ನೂ ಪ್ರಶ್ನಿಸಬಹುದಾದ ಅನುಭವ ಮಂಟಪದ ಗುಣವೇ ಕೀಲಿ. ಭಯದ ವಾತಾವರಣದಲ್ಲಿ ಮೊದಲು ಸಾಯುವುದು ಸತ್ಯ. ಹೆದರಿದ ನೌಕರ ಕೆಲಸ ಬಿಡುವುದಕ್ಕೆ ಎಷ್ಟೋ ಮೊದಲೇ ನಿಜ ಹೇಳುವುದನ್ನು ಬಿಟ್ಟಿರುತ್ತಾನೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂಬುದು ಅವರ ನಿರೀಕ್ಷೆ. ಅಂಕಿಗಳು ತಿರುಗಾಮುರುಗಾ ಬಂದವು: ಒಳ್ಳೆಯ ತಂಡಗಳಲ್ಲೇ ವರದಿಯಾದ ತಪ್ಪು ಹೆಚ್ಚು. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು: ಆ ತಂಡಗಳಲ್ಲಿ ನರ್ಸುಗಳು ತಪ್ಪನ್ನು ಧೈರ್ಯವಾಗಿ ಹೇಳುತ್ತಿದ್ದರು. ಬೈಗುಳ ಬೀಳುವ ವಾರ್ಡುಗಳಲ್ಲಿ ತಪ್ಪು ನಡೆಯುತ್ತಲೇ ಇತ್ತು, ಕಡತಕ್ಕೆ ಬರುತ್ತಿರಲಿಲ್ಲ. ಹೆದರಿಸಿ ಆಳುವ ಮೇಲಧಿಕಾರಿಯ ಮೇಜಿನ ಮೇಲಿನ ವರದಿ ಯಾವಾಗಲೂ ಶುಭ್ರವಾಗಿರುತ್ತದೆ. ಆ ಶುಭ್ರತೆಯನ್ನೇ ಯಶಸ್ಸೆಂದು ನಂಬಿ ಅವನು ಮುಂದಿನ ನಿರ್ಧಾರ ತೆಗೆದುಕೊಳ್ಳುತ್ತಾನೆ.

ಅಂಥ ನಿರ್ಧಾರದ ಬೆಲೆಯನ್ನು ಭಾರತ ದೂರದಿಂದ ಕಂಡು ಅತ್ತಿದೆ. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರಿದ ಒಂದೂವರೆ ನಿಮಿಷದೊಳಗೆ ಫೋಮಿನ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ರೆಕ್ಕೆಗೆ ಏನಾಗಿದೆ ಎಂದು ಕಕ್ಷೆಯಲ್ಲೇ ಚಿತ್ರ ತೆಗೆದು ನೋಡಬೇಕೆಂದು ನಾಸಾದ ಎಂಜಿನಿಯರುಗಳು ಕೇಳಿದರು. ಮೇಲಿನವರು ಅದನ್ನು ಮುಂದುವರಿಸಲಿಲ್ಲ. ಫೆಬ್ರವರಿ 1ರಂದು ನೌಕೆ ಮರಳುವಾಗ ಛಿದ್ರವಾಗಿ, ಕರ್ನಾಲ್‌ನ ಮಗಳು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ತನಿಖಾ ಮಂಡಳಿ ಅದೇ ವರ್ಷ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ, ಈ ದುರಂತಕ್ಕೆ ಫೋಮ್ ಎಷ್ಟು ಕಾರಣವೋ ನಾಸಾದ ಒಳಗಿನ ಸಂಸ್ಕೃತಿಯೂ ಅಷ್ಟೇ ಕಾರಣ ಎಂದಿತು. ಕೆಳಗಿನವರ ಅನುಮಾನ ಮೇಲಕ್ಕೆ ಹೋಗುವ ದಾರಿ ಮುಚ್ಚಿಹೋಗಿತ್ತು. ಅಲ್ಲಿ ಯಾರೂ ಯಾರಿಗೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಕೆಳಗಿನವನ ಮಾತಿಗೆ ತೂಕವಿಲ್ಲ ಎಂಬ ಅಭ್ಯಾಸವೊಂದೇ ಸಾಕಾಯಿತು.

ಕರ್ನಾಟಕದಲ್ಲೇ ಕಿವಿ ಮುಚ್ಚಿದ ಸಂಸ್ಥೆಗೆ ಏನಾಗುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ತೋರಿಸಿತು. ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಣೆ ನಡೆಯುತ್ತಿತ್ತು. ಅಲ್ಪ ಕಾಲದಲ್ಲೇ ಕೆಲಸಗಾರರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತು. ಬಹುತೇಕರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಹೇಳಿದ ಸಂಬಳ ಬರುತ್ತಿಲ್ಲ, ಓವರ್‌ಟೈಮ್ ಲೆಕ್ಕ ತಪ್ಪುತ್ತಿದೆ ಎಂಬ ದೂರುಗಳು ತಿಂಗಳುಗಟ್ಟಲೆ ಬಿದ್ದಿದ್ದವು. 2020ರ ಡಿಸೆಂಬರ್ 12ರ ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಸಿಟ್ಟು ಸಿಡಿಯಿತು. ಗಾಜು, ಯಂತ್ರ, ವಾಹನಗಳು ಪುಡಿಯಾದವು. ನೂರೈವತ್ತಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಒಂದು ವಾರದಲ್ಲಿ ವಿಸ್ಟ್ರಾನ್ ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕಂಪನಿ ಸಂಸ್ಥೆಯನ್ನು ನಿಗಾದಲ್ಲಿಟ್ಟು, ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದಿತು.

ಆಸ್ತಿ ಒಡೆದದ್ದನ್ನು ಸಮರ್ಥಿಸುವಂತಿಲ್ಲ, ಬಂಧನಕ್ಕೊಳಗಾದ ಹಳ್ಳಿ ಹುಡುಗರ ಬದುಕಿಗೂ ಅದರಿಂದ ಕೇಡೇ ಆಯಿತು. ಆದರೆ ಆ ಬೆಳಗಿನ ಹಿಂದೆ ಕಿವಿಗೆ ಬೀಳದೆ ಹೋದ ಎಷ್ಟೋ ಮಾತುಗಳಿದ್ದವು. ಸಂಬಳದ ದೂರು ಹೇಳಲು ಒಂದು ಕೋಣೆ, ಕೇಳಿಸಿಕೊಂಡು ವಾರದೊಳಗೆ ಉತ್ತರ ಕೊಡುವ ಒಬ್ಬ ಹೊಣೆಗಾರ ಇದ್ದಿದ್ದರೆ ತಪ್ಪುತ್ತಿದ್ದ ನಷ್ಟವದು.

ಎಲ್ಲ ಕಡೆಯೂ ಗಾಜು ಒಡೆಯುವುದಿಲ್ಲ. ಹೆಚ್ಚಿನವರು ಸದ್ದಿಲ್ಲದೆ ಹೊರಟುಹೋಗುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳ ನೌಕರರ ಅನಿಸಿಕೆಗಳನ್ನು ಸಾಮೂಹಿಕವಾಗಿ ಪರಿಶೀಲಿಸಿ ಎಂಐಟಿಯ ಆಡಳಿತ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜನ ಕೆಲಸ ಬಿಡುವುದನ್ನು ಮುಂದಾಗಿ ಸೂಚಿಸುವಲ್ಲಿ ಸಂಬಳಕ್ಕಿಂತ ವಿಷಮಯ ವಾತಾವರಣ 10 ಪಟ್ಟು ಬಲವಾದ ಲಕ್ಷಣ ಎಂದು ಕಂಡಿತು. ಮೊದಲು ಹೊರಡುವವರು ಬೇರೆಡೆ ಕೆಲಸ ಸಿಗುವ ಸಮರ್ಥರು. ಉಳಿಯುವವರಲ್ಲಿ ಹೋಗಲಾರದವರು ಇರುತ್ತಾರೆ, ಆ ವಾತಾವರಣದಿಂದಲೇ ಲಾಭ ಪಡೆಯುವವರೂ ಇರುತ್ತಾರೆ. ಐದು ವರ್ಷ ಹೀಗೆ ನಡೆದರೆ ಸಂಸ್ಥೆಯ ಹೆಸರು, ಕಟ್ಟಡ, ಬ್ಯಾಂಕ್ ಖಾತೆ ಇದ್ದಂತೆಯೇ ಇರುತ್ತವೆ, ಒಳಗಿನ ಬುದ್ಧಿ ಖಾಲಿಯಾಗಿರುತ್ತದೆ.

ಹಾಗಾದರೆ ಪಾಪ ಯಾರದು? ವಿಷ ಬೆರೆತ ಯಾವ ಕಚೇರಿಯಲ್ಲಿ ಕೇಳಿದರೂ ಉತ್ತರ ಒಂದೇ: ಮೇಲಿನಿಂದ ಆದೇಶ. ಟೀಮ್ ಲೀಡರ್ ಮ್ಯಾನೇಜರನ್ನು ತೋರಿಸುತ್ತಾನೆ, ಮ್ಯಾನೇಜರ್ ಮುಖ್ಯ ಕಚೇರಿಯನ್ನು, ಮುಖ್ಯ ಕಚೇರಿ ಷೇರುದಾರರನ್ನು. ಹಿಂಸೆ ನಡೆದಿರುತ್ತದೆ, ಹಿಂಸಕನೇ ಸಿಗುವುದಿಲ್ಲ.

ಈ ಕಗ್ಗಂಟನ್ನು ಬಿಡಿಸುವ ಮಾತು ಭಾರತೀಯ ದರ್ಶನದಲ್ಲಿ ಬಹು ಹಿಂದೆಯೇ ಇದೆ, ಅದೂ ಮೈಸೂರಿಗೆ ಆಪ್ತವಾದ ಯೋಗದಲ್ಲಿ. 1930ರ ದಶಕದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರನ್ನು ಹುಡುಕಿಕೊಂಡು ಜಗತ್ತು ಈ ಊರಿಗೆ ಬಂತು. ಆ ಯೋಗದ ಸೂತ್ರಕಾರ ಪತಂಜಲಿ ಹಿಂಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ತಲೆದೂಗಿದ್ದು. ಜೈನ ದರ್ಶನದಲ್ಲೂ ಇದೇ ವಿಂಗಡಣೆಯಿದೆ. ಮೂರಕ್ಕೂ ಕರ್ಮಬಂಧ ಉಂಟು. ಬೈದ ಟೀಮ್ ಲೀಡರ್, ಬೈಯಲೇಬೇಕಾಗುವಂಥ ಟಾರ್ಗೆಟ್ ಕೊಟ್ಟ ನಿರ್ದೇಶಕ, ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ನಕ್ಕ ಸಹೋದ್ಯೋಗಿ: ಯಾರೂ ಇದರಿಂದ ಹೊರಗಿಲ್ಲ.

ಯುರೋಪಿನ ನ್ಯಾಯಾಲಯವೊಂದು ತನ್ನ ದಾರಿಯಲ್ಲೇ ಈ ಮಾತಿಗೆ ಹತ್ತಿರ ಬಂತು. ಫ್ರಾನ್ಸ್ ಟೆಲಿಕಾಂ ಕಂಪನಿ 22,000 ಹುದ್ದೆಗಳನ್ನು ಕಡಿಮೆ ಮಾಡಲು ಹೊರಟು, ಜನ ತಾವಾಗಿಯೇ ಬಿಟ್ಟುಹೋಗುವಂತೆ ಒತ್ತಡ ಹೇರಿತ್ತು. ಆ ವರ್ಷಗಳಲ್ಲಿ ನೌಕರರ ಸರಣಿ ಆತ್ಮಹತ್ಯೆಗಳಾದವು. 2019ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಮಾಜಿ ಮುಖ್ಯಸ್ಥ ಡಿಡಿಯೆ ಲೊಂಬಾರ್ ಮತ್ತಿತರರನ್ನು ಸಾಂಸ್ಥಿಕ ನೈತಿಕ ಕಿರುಕುಳದ ಅಪರಾಧಿಗಳೆಂದು ತೀರ್ಪಿತ್ತಿತು. ಅವರು ಸತ್ತ ನೌಕರರನ್ನು ಮುಖತಃ ಬೈದವರಲ್ಲ. ಅಂಥ ನೀತಿಯನ್ನು ರೂಪಿಸಿ ಕೆಳಗಿಳಿಸಿದ್ದೇ ಅಪರಾಧವಾಯಿತು. 2025ರ ಜನವರಿಯಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ‘ಮಾಡಿಸಿದ್ದು’ ಎಂಬ ಪತಂಜಲಿಯ ಎರಡನೆಯ ಬಗೆಗೆ ಕಾನೂನಿನ ಬಲ ಸಿಕ್ಕಿತು.

ಇಂದು ನೌಕರರ ಒತ್ತಡ ಕಡಿಮೆ ಮಾಡಲೆಂದು ಯೋಗ ತರಗತಿ ನಡೆಸುವ ಸಂಸ್ಥೆಗಳು ಅನೇಕ. ಅದು ಒಳ್ಳೆಯದೇ. ಆದರೆ ಅಷ್ಟಾಂಗ ಯೋಗದಲ್ಲಿ ಆಸನ ಬರುವುದು ಮೂರನೆಯದಾಗಿ. ಮೊದಲ ಅಂಗ ಯಮ, ಯಮದಲ್ಲಿ ಮೊದಲನೆಯದು ಅಹಿಂಸೆ, ಎರಡನೆಯದು ಸತ್ಯ. ಮಾತಿನ ಹಿಂಸೆಯನ್ನು ನಿಲ್ಲಿಸದೆ, ನಿಜ ಹೇಳಿದವನನ್ನು ಕಾಪಾಡದೆ, ನೇರ ಉಸಿರಾಟಕ್ಕೆ ಹೋದ ಸಂಸ್ಥೆ ಮೆಟ್ಟಿಲು ಬಿಟ್ಟು ಮಾಳಿಗೆಗೆ ಹಾರಿದಂತೆ. ನೌಕರನ ಮನಸ್ಸು ದುರ್ಬಲ, ಅದನ್ನು ಗಟ್ಟಿ ಮಾಡಬೇಕು ಎಂಬ ಎಣಿಕೆಯೇ ತಪ್ಪು. ಗಟ್ಟಿಯಾಗಬೇಕಾದದ್ದು ಆಡಳಿತದ ಶೀಲ.

ಗೀತೆಯ ನಿಷ್ಕಾಮ ಕರ್ಮವನ್ನೂ ಕಚೇರಿಗಳಲ್ಲಿ ಹೀಗೆಯೇ ಅರ್ಧಕ್ಕೆ ಕತ್ತರಿಸುವುದುಂಟು. ಫಲ ಕೇಳಬೇಡ ಎಂಬುದು ಸಂಬಳ ಹೆಚ್ಚಿಸಲು ಕೇಳಬೇಡ ಎಂದಾಗಿಬಿಡುತ್ತದೆ. ಆದರೆ ಹದಿನೆಂಟು ಅಧ್ಯಾಯಗಳ ಆ ಗ್ರಂಥ ಹುಟ್ಟಿದ್ದೇ ಒಬ್ಬ ಯೋಧ ಬಿಲ್ಲು ಕೆಳಗಿಟ್ಟು ಈ ಕೆಲಸ ನನ್ನಿಂದಾಗದು ಎಂದಾಗ. ಅರ್ಜುನ ಮತ್ತೆ ಮತ್ತೆ ಸಂದೇಹ ಎತ್ತಿದ. ಕೃಷ್ಣ ಉತ್ತರಿಸುತ್ತ ಹೋಗಿ, ಕೊನೆಯಲ್ಲಿ ಎಲ್ಲವನ್ನೂ ಪೂರ್ತಿ ವಿಚಾರ ಮಾಡಿ ನಿನಗೆ ತೋಚಿದಂತೆ ಮಾಡು ಎಂದು ಆಯ್ಕೆಯನ್ನು ಅವನಿಗೇ ಬಿಟ್ಟ. ಪ್ರಶ್ನೆಗೆ ಜಾಗವಿಲ್ಲದ ಕಡೆ ಗೀತೆಯನ್ನು ಉಲ್ಲೇಖಿಸುವುದು ಗೀತೆಗೆ ಮಾಡುವ ಅನ್ಯಾಯ.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಶಿಸ್ತು, ಗಡುವು, ನಿಷ್ಠುರ ಮಾತು ಇಲ್ಲದೆ ಸಂಸ್ಥೆ ಕಟ್ಟಲಾದೀತೆ? ಆಗದು. ಮೈಸೂರನ್ನು ಕಟ್ಟಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ. ಅವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮೈಸೂರು ಬ್ಯಾಂಕ್ ಬಂತು, 1916ರಲ್ಲಿ ವಿಶ್ವವಿದ್ಯಾನಿಲಯ ಬಂತು, ಕನ್ನಂಬಾಡಿಯ ಅಣೆಕಟ್ಟು ಏರುತ್ತ ಹೋಯಿತು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಕೊಡುವ ವಿಚಾರದಲ್ಲಿ ಅವರಿಗೂ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅಭಿಪ್ರಾಯ ಕೂಡಲಿಲ್ಲ. ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರು ತಮ್ಮ ಭಿನ್ನಮತ ತಿಳಿಸಿ ಹುದ್ದೆ ಬಿಟ್ಟರು. ಆ ವಿಚಾರದಲ್ಲಿ ಮಹಾರಾಜರೇ ಸರಿ ಎಂದು ಮುಂದಿನ ಕಾಲ ತೋರಿಸಿತು. ಆದರೂ ವಿಶ್ವೇಶ್ವರಯ್ಯನವರ ಗೌರವಕ್ಕೆ ಮೈಸೂರಿನಲ್ಲಿ ಕುಂದು ಬರಲಿಲ್ಲ. ಬಿಗಿಯಾದ ಆಡಳಿತವೂ ಮುಕ್ತವಾದ ಭಿನ್ನಮತವೂ ಒಂದೇ ಸೂರಿನಡಿ ಇರಬಹುದೆಂಬುದಕ್ಕೆ ಮೈಸೂರಿನ ಇತಿಹಾಸವೇ ಸಾಕ್ಷಿ. ಕಟ್ಟುನಿಟ್ಟಿನ ಮೇಲಧಿಕಾರಿ ಕೆಲಸದಲ್ಲಿನ ದೋಷ ಎತ್ತುತ್ತಾನೆ, ಕಾರಣ ಹೇಳುತ್ತಾನೆ, ತನಗೂ ಅದೇ ಅಳತೆ ಹಿಡಿಯುತ್ತಾನೆ. ವಿಷ ಕಾರುವವನು ಮನುಷ್ಯನ ಹುಟ್ಟು, ಭಾಷೆ, ಬಣ್ಣ, ಬಡತನ ಎತ್ತುತ್ತಾನೆ.

ಹುಟ್ಟಿನ ಮಾತು ಬಂದಾಗ ನಮ್ಮ ಕಚೇರಿಗಳ ವಿಷಕ್ಕೆ ಜಾತಿಯ ಬೇರಿರುವುದನ್ನು ಹೇಳದೆ ಮುಂದೆ ಹೋಗಲಾಗದು. 2015 ಮತ್ತು 2016ರಲ್ಲಿ ಮೈಸೂರು ದೇಶದ ಅತಿ ಸ್ವಚ್ಛ ನಗರ ಎನಿಸಿಕೊಂಡಿತು. ಆ ಹೆಸರು ತಂದದ್ದು ಬೆಳಗಿನ ಜಾವಕ್ಕೆ ಬೀದಿಗಿಳಿಯುವ ಪೌರಕಾರ್ಮಿಕರು, ಬಹುಪಾಲು ದಲಿತರು, ಅದರಲ್ಲೂ ಹೆಣ್ಣುಮಕ್ಕಳು. ರಾಜ್ಯದಲ್ಲಿ ಇವರಲ್ಲಿ ಬಹಳಷ್ಟು ಮಂದಿ ಕಾಯಂ ಆಗದೆ ವರ್ಷಗಟ್ಟಲೆ ದುಡಿದರು. ಸರ್ಕಾರ ಕದಲಿದ್ದು 2022ರ ಜುಲೈನಲ್ಲಿ ಅವರು ಮುಷ್ಕರ ಹೂಡಿದ ಮೇಲೆ. ಆ ವರ್ಷವೇ 11,133 ಮಂದಿಯನ್ನು ಕಾಯಂ ಮಾಡುವ ತೀರ್ಮಾನ ಬಂತು. ಶರಣರ ನಡುವೆ ಕಸ ಗುಡಿಸುವ ಕಾಯಕದ ಸತ್ಯಕ್ಕ ವಚನಕಾರ್ತಿಯಾಗಿ ಉಳಿದವರ ಜೊತೆ ಸಮನಾಗಿ ಕೂತಿದ್ದಳು. ಇಂದು ಬೀದಿ ಗುಡಿಸುವ ಹೆಣ್ಣುಮಗಳು ಮೇಸ್ತ್ರಿಯ ಎದುರು ಕೂರುವಂತಾದ ದಿನ ಕಾಯಕದ ಮಾತಿಗೆ ಬೆಲೆ ಬರುತ್ತದೆ.

2024ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ, ಎಲ್ಲ ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಇಡಲು ಆದೇಶಿಸಿತು. ಮೈಸೂರಿನ ಪಾಲಿಕೆ, ಜಿಲ್ಲಾಧಿಕಾರಿ ಕಚೇರಿ, ತಾಲ್ಲೂಕು ಕಚೇರಿಗಳು ಆ ಚಿತ್ರದ ಕೆಳಗೇ ಕೆಲಸ ಮಾಡಬೇಕು. ಚಿತ್ರದ ಜೊತೆ ಅನುಭವ ಮಂಟಪವನ್ನೂ ಒಳಗೆ ತಂದರೆ ಅದಕ್ಕೆ ಅರ್ಥವಿದೆ, ಮತ್ತು ಅದಕ್ಕೆ ಬೇಕಾದ ಕಾನೂನಿನ ಚೌಕಟ್ಟು ಆಗಲೇ ಇದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹತ್ತು ಅಥವಾ ಹೆಚ್ಚು ಮಂದಿ ಇರುವ ಪ್ರತಿ ಕಚೇರಿಯಲ್ಲಿ ಆಂತರಿಕ ಸಮಿತಿ ಕೇಳುತ್ತದೆ. ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ 2014ರಲ್ಲಿ ಕೊಟ್ಟು ಮುಂದುವರಿಸುತ್ತ ಬಂದ ವಿನಾಯಿತಿಗೂ ಒಂದು ಷರತ್ತಿತ್ತು: ಆಡಳಿತ ಮತ್ತು ನೌಕರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಅಹವಾಲು ಸಮಿತಿ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಇಂಥ ಸಮಿತಿ ಇರಬೇಕು, ಅದರಲ್ಲಿ ಮಹಿಳೆಯರಿರಬೇಕು ಎನ್ನುತ್ತದೆ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾನೂನು, ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣವನ್ನೂ 14 ದಿನಗಳ ನೋಟಿಸನ್ನೂ ಕೊಡಲು ಹೇಳುತ್ತದೆ. ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಕಾನೂನು ಕೊಟ್ಟ ಈ ಮರ್ಯಾದೆ ಟ್ರೈನಿಗೆ ಇನ್ನೂ ಸಿಕ್ಕಿಲ್ಲ.

ಈ ಸಮಿತಿಗಳು ಎಷ್ಟು ಕಡೆ ನಿಜಕ್ಕೂ ಸೇರುತ್ತವೆ, ಅವುಗಳ ಸದಸ್ಯರ ಹೆಸರು ಎಷ್ಟು ಕೆಲಸಗಾರರಿಗೆ ಗೊತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೈಸೂರಿನ ಸಂಸ್ಥೆಗಳು ಮೂರು ಕೆಲಸ ಮಾಡಬಹುದು. ಅಹವಾಲು ಸಮಿತಿಯಲ್ಲಿ ಯಾರಿದ್ದಾರೆ, ವರ್ಷಕ್ಕೆ ಎಷ್ಟು ದೂರು ಬಂದವು, ಎಷ್ಟು ಬಗೆಹರಿದವು ಎಂಬುದನ್ನು ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹಾಕುವುದು. ದೂರು ಕೊಟ್ಟವರ ಅಪ್ರೈಸಲನ್ನು ದೂರಿಗೆ ಒಳಗಾದವರ ಕೈಯಿಂದ ತೆಗೆದು ಬೇರೆಯವರಿಗೆ ಒಪ್ಪಿಸುವುದು. ತರಬೇತಿಯಲ್ಲಿರುವವರನ್ನೂ ಗುತ್ತಿಗೆಯವರನ್ನೂ ಸಮಿತಿಯ ವ್ಯಾಪ್ತಿಗೆ ತಂದು, ಹೊರಗೆ ಕಳಿಸುವ ಮೊದಲು ಅವರ ಮಾತನ್ನು ಕೂತು ಕೇಳುವುದು. ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಆಡಳಿತ ಮಂಡಳಿಯ ಒಂದು ನಿರ್ಣಯ ಸಾಕು, ಮತ್ತು ಆ ನಿರ್ಣಯ ಮಾಡುವ ಮೊದಲ ದೊಡ್ಡ ಸಂಸ್ಥೆ ಮೈಸೂರಿನದಾಗಬೇಕು.